ತರ್ಜೊನೊ ಅತ್ತ ನಾಲ್ಕನೆಯ ಹಾಡು

ಕಾಗದವನ್ನು ಓದದೆಯೇ ಅದರ ಮೇಲೆ ‘ಓದಲಾಗಿದೆ’ ಎಂಬ ಮೊಹರು ಒತ್ತುವುದರಲ್ಲಿ ಪಾಕ್ ತರ್ಜೊನೊ ಅವರಿಗೆ ಇಪ್ಪತ್ತಾರು ವರ್ಷಗಳ ಅನುಭವವಿತ್ತು. ಸೆಮರಾಂಗ್ ನಗರದ ಉತ್ತರಕ್ಕೆ, ಸಮುದ್ರಕ್ಕೆ ಅಂಟಿಕೊಂಡಿರುವ ತಂಬಾಕ್ ವಾರು ಕೇರಿಯ ಕಚೇರಿಯಲ್ಲಿ ಅವರು ಗುಮಾಸ್ತರು. ಪಾಕ್ ಎಂದರೆ ಅಲ್ಲಿ ‘ರಾಯರು’ ಎಂದ ಹಾಗೆ, ಹೆಂಗಸರಿಗಾದರೆ ಬು. ಅವರ ಈ ವಿದ್ಯೆಯಿಂದ ಲೋಕಕ್ಕೆ ಹೇಳಿಕೊಳ್ಳುವಂಥ ಹಾನಿಯೇನೂ ಆಗಿರಲಿಲ್ಲ. ಒಮ್ಮೆ ಒಂದು ಮೇಕೆಗೆ ವಾಸಸ್ಥಳ ದೃಢೀಕರಣ ಪತ್ರ ಸಿಕ್ಕಿತ್ತು, ಅಷ್ಟೇ. ಮೇಕೆ ನಿಜವಾಗಿಯೂ ಆ ವಿಳಾಸದಲ್ಲೇ ವಾಸವಾಗಿದ್ದರಿಂದ ಅದನ್ನೂ ತಪ್ಪೆನ್ನಲು ಬರುವಂತಿರಲಿಲ್ಲ.

ಇದೇ ವಿದ್ಯೆಯನ್ನು ಮಗಳ ಮೇಲೆ ಪ್ರಯೋಗಿಸಲು ಹೋಗಿ ಅವರು ಕೆಟ್ಟರು.

ಮಗಳು ಲಿಂತಾಂಗ್ ಮೂರು ವರ್ಷದ ಹಿಂದೆ ಗಿಟಾರ್ ಹೆಗಲಿಗೇರಿಸಿ ಬಾಂಡುಂಗ್‌ಗೆ ಹೋದವಳು. ಅಲ್ಲಿ ಮೂವರು ಹುಡುಗರ ಜೊತೆ ಸೇರಿ ರಾಕ್ ತಂಡ ಕಟ್ಟಿದ್ದಳು. ತಂಡದ ಹೆಸರು ‘ಒದ್ದೆ ಚಪ್ಪಲಿ’. ಯಾವ ಕಂಪನಿಯ ಹಂಗೂ ಇಲ್ಲದೆ ತಾವೇ ಹಾಡು ಬರೆದು, ತಾವೇ ಹಾಡಿ, ತಾವೇ ಮಾರುವ ಪೈಕಿ. ಹೊರಡುವ ದಿನ ಅವಳು ಅಪ್ಪನಿಗೆ ಒಂದು ಹಾಡು ನುಡಿಸಿ ತೋರಿಸಿದ್ದಳು. ತರ್ಜೊನೊ ಪೂರ್ತಿ ಕೇಳದೆ, “ಬಕೆಟ್ ಬಡಿದ ಹಾಗಿದೆ” ಎಂದಿದ್ದರು. ಅಂದಿನಿಂದ ಅವಳು ಮನೆಗೆ ಬಂದಿರಲಿಲ್ಲ. ತಾಯಿಯ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುವಳು. ಅಪ್ಪ ಹತ್ತಿರ ಬಂದರೆಂದು ಗೊತ್ತಾದ ಕೂಡಲೇ ಅವಳ ಫೋನಿನ ಚಾರ್ಜ್ ಮುಗಿದುಹೋಗುವುದು. ಹಬ್ಬದ ದಿನ ಕೇರಿಯ ಮಕ್ಕಳೆಲ್ಲ ಹೆತ್ತವರ ಮುಂದೆ ಮಂಡಿಯೂರಿ ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುವಾಗ, ತರ್ಜೊನೊ ಹೊಸ ಸರೋಂಗು ಉಟ್ಟು ಕುರ್ಚಿಯಲ್ಲಿ ನೆಟ್ಟಗೆ ಕೂತಿರುತ್ತಿದ್ದರು. ಎದುರಿಗೆ ಬೆಕ್ಕು ಮಾತ್ರ ಇರುತ್ತಿತ್ತು. ಅದು ಯಾವ ತಪ್ಪಿಗೂ ಕ್ಷಮೆ ಕೇಳುವ ಜಾತಿಯದಲ್ಲ.

ಹೀಗಿರುವಾಗ ಒಂದು ಮಂಗಳವಾರ ಅಂಚೆಯಲ್ಲಿ ಕ್ಯಾಸೆಟ್ಟೊಂದು ಬಂತು. ಹೆಸರು ‘ಎರಡನೇ ಮೆಟ್ಟಿಲು’. ಹಳೇ ಕಾಲದ ಕ್ಯಾಸೆಟ್ಟನ್ನು ಈಗಿನ ಹುಡುಗರು ಮತ್ತೆ ಹುಚ್ಚು ಹಿಡಿದು ಕೊಳ್ಳುತ್ತಾರಂತೆ. ಅದಕ್ಕೇ ಬೇರೆ ಎಲ್ಲೂ ಸಿಗದಂತೆ ಕ್ಯಾಸೆಟ್ಟಿನಲ್ಲಿ ಮಾತ್ರ ಹೊರತಂದಿದ್ದರು. ಮೇಲೆ ಲಿಂತಾಂಗ್‌ಳ ಕೈಬರಹ: ‘ಅಪ್ಪನಿಗೆ.’

ಹೆಂಡತಿ ಸುಮಿಯೆಮ್ ಅದನ್ನು ಎರಡು ಕೈಯಲ್ಲಿ ಹಿಡಿದು ತಂದು ಗಂಡನ ಮುಂದೆ ಇಟ್ಟರು.

“ಮೂರು ವರ್ಷ ಆದ್ಮೇಲೆ ತಾನಾಗೇ ಕೈ ಚಾಚಿದಾಳೆ. ಕೇಳಿ. ಪೂರ್ತಿ ಕೇಳಿ. ಈ ಸಲವೂ ಏನಾದ್ರೂ ಒದರಿ ಕೆಡಿಸಿದ್ರೆ ಅವಳು ಇನ್ನು ಈ ಮನೆ ಮೆಟ್ಟಿಲು ಹತ್ತೋದಿಲ್ಲ. ಆಮೇಲೆ ನಾನೂ ಅಲ್ಲಿಗೇ ಹೋಗ್ತೀನಿ. ನೀವು ಬೆಕ್ಕಿನ ಜೊತೆ ಹಾಯಾಗಿರಿ.”

ತರ್ಜೊನೊಗೂ ಕೇಳುವ ಆಸೆ ಇತ್ತು. ಆದರೆ ಮನೆಯ ಟೇಪ್ ರೆಕಾರ್ಡರು ಹಿಂದಿನ ವರ್ಷದ ರೊಬ್‌ನಲ್ಲಿ ತೀರಿಕೊಂಡಿತ್ತು. ಸಮುದ್ರ ಉಕ್ಕಿ ಕೇರಿಯೊಳಗೆ ನುಗ್ಗುವುದಕ್ಕೆ ಅಲ್ಲಿ ರೊಬ್ ಎನ್ನುತ್ತಾರೆ. ಅದು ತಿಂಗಳಿಗೊಮ್ಮೆಯಾದರೂ ನೆಂಟರಂತೆ ಬಂದು, ನೆಂಟರಂತಲ್ಲದೆ ಬೇಗ ಹೋಗುತ್ತದೆ. ಯಾರ ಬಳಿಯಾದರೂ ಟೇಪ್ ರೆಕಾರ್ಡರು ಎರವಲು ತಂದರಾಯಿತು ಎಂದುಕೊಂಡು ಅವರು ಕ್ಯಾಸೆಟ್ಟನ್ನು ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಗಾಜಿನ ಕಪಾಟಿನಲ್ಲಿಟ್ಟರು.

ಬುಧವಾರ ಸಂಜೆಯೇ ಫೋನ್ ಬಂತು. ಸುಮಿಯೆಮ್ ಎಣ್ಣೆಯಲ್ಲಿ ಸೋಯಾ ಕಾಳಿನ ತೆಂಪೆ ಕರಿಯುತ್ತಿದ್ದುದರಿಂದ ತರ್ಜೊನೊ ಎತ್ತಿದರು. ಈ ಸಲ ಚಾರ್ಜ್ ಮುಗಿಯಲಿಲ್ಲ.

“ಅಪ್ಪಾ... ಕೇಳಿದ್ರಾ?”

ಇಪ್ಪತ್ತಾರು ವರ್ಷದ ಅಭ್ಯಾಸ. ಕೈ ತಾನಾಗಿ ಮೊಹರು ಒತ್ತಿಬಿಟ್ಟಿತು.

“ಕೇಳ್ದೆ ಮಗಾ. ಓ, ಕೇಳ್ದೆ.”

“ಯಾವುದು ಹಿಡಿಸ್ತು?”

“ನಾಲ್ಕನೇದು.” ಒಂದನೆಯದು ಎಂದರೆ ಅಷ್ಟಕ್ಕೇ ನಿಲ್ಲಿಸಿದ ಹಾಗಾಗುತ್ತದೆ, ಹತ್ತನೆಯದು ಎಂದರೆ ಅಷ್ಟು ಇರುತ್ತವೋ ಇಲ್ಲವೋ, ನಾಲ್ಕು ಎಲ್ಲ ದೃಷ್ಟಿಯಿಂದಲೂ ಸುರಕ್ಷಿತವಾದ ಸಂಖ್ಯೆ ಎಂಬುದು ಅವರ ಲೆಕ್ಕ. ಅಲ್ಲಿಗಾದರೂ ನಿಲ್ಲಿಸಬೇಕಿತ್ತು. “ಕೇಳಿ ಅತ್ತುಬಿಟ್ಟೆ ಕಣೇ. ಏನು ಸಾಹಿತ್ಯ! ಒಂದೊಂದು ಮಾತೂ ಮುತ್ತು!”



“ನಾಲ್ಕನೇದಾ? ಸಾಹಿತ್ಯ?”

“ಅದೇ.”

“ಭಾನುವಾರ ಬರ್ತೀನಿ,” ಎಂದಳು ಲಿಂತಾಂಗ್. ದನಿಯಲ್ಲಿ ಏನಿತ್ತೆಂದು ತಿಳಿಯಲಿಲ್ಲ. “ಹನ್ನೆರಡೂ ಹತ್ತರ ರೈಲಿಗೆ. ಆ ಹಾಡಿನ ಬಗ್ಗೆ ನನ್ನ ಮುಖ ನೋಡಿ ಹೇಳಿ, ಅಪ್ಪಾ.”

ಫೋನ್ ಇಟ್ಟಾಗ ತರ್ಜೊನೊ ಅವರ ಬೆನ್ನ ಮೇಲಿನ ಅಂಗಿ ಒದ್ದೆಯಾಗಿತ್ತು. ಸುಮಿಯೆಮ್ ಸೌಟು ಹಿಡಿದುಕೊಂಡೇ ಓಡಿಬಂದು, ಮಗಳು ಬರುತ್ತಾಳೆಂದು ಕೇಳಿ, ಕಣ್ಣೊರೆಸಿಕೊಂಡು, ಸೀದಾ ಬೀದಿಗೆ ಹೋದರು. ಅರ್ಧ ಗಂಟೆಯಲ್ಲಿ ತರ್ಜೊನೊ ನಾಲ್ಕನೆಯ ಹಾಡು ಕೇಳಿ ಅತ್ತ ಸುದ್ದಿ ಕೇರಿಯ ಕೊನೆಯ ಮನೆಯನ್ನು ಮುಟ್ಟಿತು.

ಗುರುವಾರ ಬೆಳಿಗ್ಗೆ ತರಕಾರಿ ಗಾಡಿಯ ಬಳಿ ಕೇರಿ ಮುಖ್ಯಸ್ಥರ ಹೆಂಡತಿ ಬು ಕಸ್ಮುರಿ ತರ್ಜೊನೊ ಅವರನ್ನು ತಡೆದು ನಿಲ್ಲಿಸಿದರು.

“ಪಾಕ್ ತರ್ಜೊನೊ, ನಿಮ್ಮಂಥ ಕಲ್ಲು ಅತ್ತಿದೆ ಅಂದ್ರೆ! ಅದರಲ್ಲಿ ಏನಿದೆ ಅಂತ ನಮಗೂ ಹೇಳಿ.”

ಗಾಡಿಯ ಮೇಲೆ ಬಂಗಡೆ ಮೀನಿನ ಬುಟ್ಟಿ ಕಂಡಿತು. “ಅದು... ಒಂದು ಬಂಗಡೆ ಮೀನು. ಬಲೆಗೆ ಸಿಕ್ಕಿ ತಾಯಿಯಿಂದ ದೂರ ಆಗುತ್ತೆ,” ಎಂದರು ತರ್ಜೊನೊ. ಬು ಕಸ್ಮುರಿ ಆ ದಿನ ಮೀನು ಕೊಳ್ಳಲಿಲ್ಲ.

ಮಧ್ಯಾಹ್ನ ಮುಖ್ಯಸ್ಥರಾದ ಪಾಕ್ ಕಸ್ಮುರಿ ಅವರೇ ಕಚೇರಿಗೆ ಬಂದು ಅದನ್ನೇ ಕೇಳಿದರು. ಅವರಿಗೆ ಮೀನಿನ ಕಥೆ ಹೇಳುವುದು ಮರ್ಯಾದೆಯಲ್ಲವೆನಿಸಿ ತರ್ಜೊನೊ ಅದನ್ನು ಮುಳುಗುತ್ತಿರುವ ಹಡಗಿಗೂ, ಕೊನೆಯವರೆಗೂ ಹಡಗು ಬಿಡದ ನಾಯಕನಿಗೂ ಬದಲಾಯಿಸಿದರು. ತೊಂಬತ್ತರ ಅಂಚಿನ ರುಕಿನೆಮ್ ಅಜ್ಜಿ ಜಗಲಿಯಿಂದ ಕೂಗಿ ಕೇಳಿದಾಗ ಹಾಡು ತೀರಿಹೋದ ಅವರ ಗಂಡನ ಬಗ್ಗೆಯೇ ಆಯಿತು. “ಅವರಿಗೆ ಹಾಡೋಷ್ಟು ಏನಿತ್ತು?” ಎಂದು ಅಜ್ಜಿಗೆ ಅನುಮಾನ ಬಂತು.

ಶುಕ್ರವಾರ ಸಂಜೆ ಹೆಂಗಸರ ಚೀಟಿ ಕೂಟದಲ್ಲಿ ಮೀನು, ಹಡಗು ಮತ್ತು ಅಜ್ಜ ಮೂವರೂ ಒಂದೇ ಚಾಪೆಯ ಮೇಲೆ ಎದುರುಬದುರಾದರು.

“ಹಡಗಲ್ಲಿ ಅಜ್ಜ ಇದ್ರು, ಅಜ್ಜ ಮೀನು ಹಿಡೀತಿದ್ರು,” ಎಂದು ಸುಮಿಯೆಮ್ ಹೇಗೋ ಹೊಂದಿಸಿ ಗಂಡನ ಮಾನ ಉಳಿಸಿದರು. ಆದರೆ ಮನೆಗೆ ಬಂದವರೇ ಗಾಜಿನ ಕಪಾಟು ತೆರೆದು, ಬಿಚ್ಚದ ಪ್ಲಾಸ್ಟಿಕ್ಕನ್ನು ನೋಡಿದರು. ಗಂಡನನ್ನು ನೋಡಿದರು. ಕಪಾಟು ಮುಚ್ಚಿದರು. ತರ್ಜೊನೊ ಅವರಿಗೆ ಬೈಗುಳಕ್ಕಿಂತ ಆ ಕಪಾಟಿನ ಸದ್ದೇ ಹೆಚ್ಚು ನಾಟಿತು.

ಸಾಲದ್ದಕ್ಕೆ ಶನಿವಾರ ಪಾಕ್ ಕಸ್ಮುರಿ ಮತ್ತೆ ಬಂದರು. ಕೇರಿಯ ಹುಡುಗಿಯೊಬ್ಬಳು ಕಲಾವಿದೆಯಾಗಿ ಮರಳುತ್ತಿರುವುದರಿಂದ ಭಾನುವಾರ ಒಂದು ಗಂಟೆಗೆ ಸಮುದಾಯ ಭವನದಲ್ಲಿ ಸ್ವಾಗತ ಸಮಾರಂಭ. ಹಳದಿ ಅನ್ನ, ಕೋಳಿ. “ನಾಲ್ಕನೇ ಹಾಡಿನ ಬಗ್ಗೆ ಇಪ್ಪತ್ತು ನಿಮಿಷ ನೀವೇ ಮಾತಾಡ್ಬೇಕು, ಪಾಕ್. ಹಡಗಿನ ನಾಯಕನ ಭಾಗ ಬಿಡಬೇಡಿ. ಅದು ನನ್ನನ್ನೇ ನೋಡಿ ಬರೆದ ಹಾಗಿದೆ.”

ಭಾನುವಾರ ಹನ್ನೊಂದು ಗಂಟೆಗೆ ಸುಮಿಯೆಮ್ ಸ್ಟೇಷನ್ನಿಗೆ ಹೊರಟರು. ಹೊಸಿಲಲ್ಲಿ ನಿಂತು, “ಇನ್ನೂ ಒಂದು ಗಂಟೆ ಇದೆ,” ಎಂದಷ್ಟೇ ಹೇಳಿದರು.

ಕೇರಿಯಲ್ಲಿ ಬದುಕುಳಿದಿದ್ದ ಟೇಪ್ ರೆಕಾರ್ಡರು ಒಂದೇ. ಅದು ಸಮುದಾಯ ಭವನದಲ್ಲಿ, ಎತ್ತರದ ಮೇಜಿನ ಮೇಲೆ, ಮೈಕಿನ ಪಕ್ಕದಲ್ಲಿತ್ತು. ಬೀಗದ ಕೈ ಗುಮಾಸ್ತರ ಬಳಿಯೇ ಇತ್ತು. ತರ್ಜೊನೊ ಕ್ಯಾಸೆಟ್ಟನ್ನು ಸರೋಂಗಿನ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡು, ಮೇಕೆ ಕದ್ದವನ ಹಾಗೆ ಅತ್ತಿತ್ತ ನೋಡುತ್ತ ಒಳಗೆ ನುಸುಳಿ ಬಾಗಿಲು ಮುಚ್ಚಿದರು. ಯಾರಿಗೂ ಕೇಳಿಸಬಾರದೆಂದು ಹಳೆಯ ಹೆಡ್‌ಫೋನನ್ನು ಮುಕ್ಕಾಲು ಗಂಟೆ ಹುಡುಕಿ ಕಿವಿಗೆ ಬಿಗಿದುಕೊಂಡರು. ಸ್ವಿಚ್ ಹಾಕಿದರು. ಆ ಭವನದಲ್ಲಿ ಇರುವುದು ಒಂದೇ ಸ್ವಿಚ್ಚು: ಫ್ಯಾನು, ದೀಪ, ಟೇಪ್ ರೆಕಾರ್ಡರು, ಮೈಕು, ಮಾಡಿನ ಮೇಲಿನ ನಾಲ್ಕು ಲೌಡ್‌ಸ್ಪೀಕರು ಎಲ್ಲವೂ ಅದರಿಂದಲೇ ಎದ್ದೇಳುತ್ತವೆ. ಕಚೇರಿಯಿಂದ ಇದರ ಬಗ್ಗೆ ಒಂದು ಎಚ್ಚರಿಕೆಯ ಸುತ್ತೋಲೆಯೂ ಬಂದಿತ್ತು. ಅದರ ಮೇಲೆ ‘ಓದಲಾಗಿದೆ’ ಎಂಬ ಮೊಹರು ಸ್ಪಷ್ಟವಾಗಿತ್ತು.

ಟೇಪು ತಿರುಗಿತು. ಗಿಟಾರಿನ ತಂತಿ ಒಂದು ಮಿಡಿಯಿತು. ಆಮೇಲೆ ಲಿಂತಾಂಗ್, ಹಾಡದೆ, ಬರೀ ಮಾತಿನಲ್ಲಿ, ಅಳುವನ್ನು ಹಲ್ಲಲ್ಲಿ ಕಚ್ಚಿ ಹಿಡಿದವಳ ಹಾಗೆ:

“ನೀರು ಬರ್ತಿದೆ. ಎರಡನೇ ಮೆಟ್ಟಿಲು ದಾಟಿತು. ಅಕ್ಕಿ ಎತ್ತಿ. ಟೀವಿ ಎತ್ತಿ. ಅಜ್ಜಿಯ ಹಾಸಿಗೆ ಎತ್ತಿ. ಕೊನೆಗೆ, ಅಪ್ಪಾ, ನನ್ನನ್ನೂ ಎತ್ತಿ.”

ಆ ಲೌಡ್‌ಸ್ಪೀಕರಿನಿಂದ ತಂಬಾಕ್ ವಾರುವಿನಲ್ಲಿ ಇದುವರೆಗೆ ಮನರಂಜನೆ ಎಂಬುದು ಹೊರಬಿದ್ದಿರಲಿಲ್ಲ. ಅದು ಬಾಯಿ ಬಿಟ್ಟರೆ ರೊಬ್ ಬಂತೆಂದೇ ಅರ್ಥ. ಮೈಕು ಹೇಳಿದ್ದನ್ನು ಮೊದಲು ಮಾಡುವುದು, ಪ್ರಶ್ನೆ ಆಮೇಲೆ ಕೇಳುವುದು ಅಲ್ಲಿನ ಜನ ಮೊಣಕಾಲುದ್ದ ನೀರಿನಲ್ಲಿ ನಿಂತು ಕಲಿತ ಶಿಸ್ತು. ಬೇಸಿಗೆಯ ಬಿಸಿಲು ಸುಡುತ್ತಿತ್ತು. ಚರಂಡಿಯಲ್ಲಿ ಕೂಡ ಹನಿ ನೀರಿರಲಿಲ್ಲ. ಆದರೂ ಕೇರಿ ಒಂದೇ ಏಟಿಗೆ ಎದ್ದಿತು. ಅಕ್ಕಿಯ ಚೀಲಗಳು ಅಟ್ಟ ಸೇರಿದವು. ಟೀವಿಗಳು ತಲೆಯೇರಿದವು. ರುಕಿನೆಮ್ ಅಜ್ಜಿಯನ್ನು ಹಾಸಿಗೆ ಸಮೇತ ಊಟದ ಮೇಜಿನ ಮೇಲಿಟ್ಟರು. ಎದುರು ಮನೆಯವರು ಆದೇಶದಲ್ಲಿ ಒಂದು ಅಂಶವೂ ಬಾಕಿ ಉಳಿಯಬಾರದೆಂದು ಇಪ್ಪತ್ತು ವರ್ಷದ ಮಗಳನ್ನು ಏದುಸಿರು ಬಿಡುತ್ತ ಎತ್ತಿಕೊಂಡರು.

“ನೀರೆಲ್ಲಿದೆ?” ಎಂದಳು ಆ ಮಗಳು.

“ಹೇಳೋಳು ಅಳ್ತಾ ಹೇಳ್ತಿದಾಳೆ, ಕೇಳಿಸಲ್ವಾ? ಇದು ದೊಡ್ಡದೇ ಇರ್ಬೇಕು,” ಎಂದು ಬು ಕಸ್ಮುರಿ ಕೋಳಿಗಳನ್ನು ಮಂಚಕ್ಕೆ ಹತ್ತಿಸುತ್ತ ಕೂಗಿದರು.

ಎರಡನೆಯ ಹಾಡು ಮನೆ ಬಿಟ್ಟು ಹೋಗಬೇಡ, ಹೋಗಬೇಡ ಎಂದು ಬೇಡಿಕೊಳ್ಳುವಂಥದ್ದು. ಬೀದಿಗೆ ಬಂದವರೆಲ್ಲ ಒಳಗೆ ಹೋಗಿ ಕದ ಹಾಕಿಕೊಂಡರು. ಮೂರನೆಯದರಲ್ಲಿ ಡ್ರಮ್ಮು ಜೋರಾಗಿ, ಈ ಮನೆ ನಿನ್ನದಲ್ಲ, ಈಗಲೇ ಹೊರಡು ಎಂಬ ಮಾತು ಹದಿನೆಂಟು ಸಲ ಬಂತು. ಎಲ್ಲರೂ ಮತ್ತೆ ಹೊರಗೆ ಬಂದರು. ಪಾಕ್ ಕಸ್ಮುರಿ ತಮ್ಮ ಫ್ರಿಜ್ಜನ್ನು ಅರ್ಧ ಮೆಟ್ಟಿಲವರೆಗೆ ಏರಿಸಿದ್ದವರು ಬೆವರು ಒರೆಸಿಕೊಂಡು, “ಒಂದು ಸಲ ಇರು ಅನ್ನೋದು, ಒಂದು ಸಲ ಹೊರಡು ಅನ್ನೋದು. ಮೇಲಿನವರ ಆದೇಶ ಯಾವತ್ತೂ ಹೀಗೇ,” ಎಂದರು.

ಭವನದೊಳಗೆ ತರ್ಜೊನೊಗೆ ಇದಾವುದೂ ಗೊತ್ತಿಲ್ಲ. ಹಾಡುಗಳ ನಡುವೆ ಬಂದ ಮೌನಗಳನ್ನು ಅವರು ಬೆರಳು ಮಡಚಿ ಎಣಿಸುತ್ತಿದ್ದರು. ರೈಲು ಬಂದು ಕಾಲು ಗಂಟೆಯಾಯಿತೆಂದು ಗೋಡೆಯ ಗಡಿಯಾರ ತೋರಿಸಿತು. ಹುಡುಗಿ ಇಷ್ಟೆಲ್ಲ ನೋವನ್ನು ಎಲ್ಲಿಟ್ಟುಕೊಂಡಿದ್ದಳು, ನಾನು ಎಲ್ಲಿಗೆ ಹೋಗಿದ್ದೆ? ನಾಲ್ಕನೆಯದರಲ್ಲಿ ಇನ್ನೇನಿದೆಯೋ? ಮೂರನೆಯ ಮೌನ ಬಂತು. ಮುಗಿಯಿತು. ಅವರು ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು.

ಧಡ್. ಸರ್ರ್. ಧಡ್. ಸರ್ರ್.

ಬಕೆಟ್ಟಿನ ಸದ್ದು. ಯಾರೋ ನೀರು ಮೊಗೆದು ಹೊರಗೆ ಎರಚುತ್ತಿದ್ದಾರೆ. ಹಿಂದಿನಿಂದ ಒಬ್ಬ ಮುದುಕನ ಗೊಣಗಾಟ.

“ಇಪ್ಪತ್ತೆಂಟು... ಈ ಕಸ್ಮುರಿ ತನ್ನ ಮನೆ ನೆಲ ಮೂರಡಿ ಎತ್ತರಿಸ್ಕೊಂಡ... ಇಪ್ಪತ್ತೊಂಬತ್ತು... ಅವನ ಪಾಲಿನ ನೀರನ್ನೂ ನಾನೇ ಎತ್ತಿ ಹಾಕ್ಬೇಕು... ಮೂವತ್ತು... ಫ್ರಿಜ್ಜಿನಂಥ ಹೊಟ್ಟೆಯೋನು...”

‘ಯಾರಪ್ಪ ಈ ದಡ್ಡ, ನನ್ನ ಮಗಳ ಹಾಡಿನಲ್ಲಿ ಬಂದು ಗೊಣಗುತ್ತಿದ್ದಾನೆ?’ ಎಂದು ತರ್ಜೊನೊ ಸಿಟ್ಟಾದರು. ಮನುಷ್ಯ ತನ್ನ ದನಿಯನ್ನು ತಾನೇ ಹೊರಗಿನಿಂದ ಕೇಳುವುದು ಅಪರೂಪ. ಮೂವತ್ತೆರಡನೆಯ ಬಕೆಟ್ಟಿಗೆ ಅವರಿಗೆ ಗುರುತು ಹತ್ತಿತು. ಮೂವತ್ತೈದಕ್ಕೆ ಗೊಣಗಾಟ ನಿಂತು ಮುದುಕ ಗುನುಗತೊಡಗಿದ. ಆ ಬೇಸುರ ಗುನುಗಿನ ಕೆಳಗೆ, ಮಗುವಿಗೆ ಹೊದಿಸಿದ ಹಾಗೆ ಮೆಲ್ಲಗೆ, ಒಂದು ಗಿಟಾರು ಬಂದು ಸೇರಿಕೊಂಡಿತು. ಬಕೆಟ್ಟೇ ತಾಳ. ಬೇರೆ ವಾದ್ಯವಿಲ್ಲ. ಸಾಹಿತ್ಯವಿಲ್ಲ.

ತರ್ಜೊನೊ ಅಳಲಿಲ್ಲ. ಅಳುವುದಕ್ಕೂ ನೆನಪಾಗದೆ, ಮೇಜಿನ ಅಂಚು ಹಿಡಿದುಕೊಂಡು ನಿಂತರು. ನಲವತ್ತನೆಯ ಬಕೆಟ್ಟಿಗೆ ಹಾಡು ತಟ್ಟನೆ ತುಂಡಾಯಿತು. ಆ ಬದಿಯ ಟೇಪು ಮುಗಿದು ಕಟಕ್ಕೆಂದಿತು.

ಅವರು ಹೆಡ್‌ಫೋನ್ ತೆಗೆದದ್ದಕ್ಕೂ ಬಾಗಿಲು ಧಡಾರನೆ ತೆರೆದದ್ದಕ್ಕೂ ಸರಿಹೋಯಿತು. ಹೊಸಿಲಲ್ಲಿ ಪಾಕ್ ಕಸ್ಮುರಿ. ಮುಖ ಕೆಂಪಗೆ. ಅವರ ಹಿಂದೆ ತಲೆಯ ಮೇಲೆ ಟೀವಿ, ಕಂಕುಳಲ್ಲಿ ಕೋಳಿ, ಹೆಗಲ ಮೇಲೆ ಮಗಳನ್ನು ಹೊತ್ತ ಇಡೀ ಕೇರಿ.

“ಫ್ರಿಜ್ಜಿನಂಥ ಹೊಟ್ಟೆ?” ಎಂದರು ಕಸ್ಮುರಿ.

“ಪಾಕ್, ಅದು... ನಿಮಗೆ ಹೇಗೆ ಕೇಳಿಸ್ತು?”

“ನನಗೊಬ್ಬನಿಗೆ ಅಲ್ರೀ, ಬಂದರಿನಲ್ಲಿರೋ ಹಡಗಿಗೂ ಕೇಳಿಸಿರುತ್ತೆ! ಎಲ್ಲಿ ರೀ ನಿಮ್ಮ ಹಡಗು? ಎಲ್ಲಿ ನಾಯಕ?”

“ಮೀನೂ ಇರ್ಲಿಲ್ಲ,” ಎಂದರು ಬು ಕಸ್ಮುರಿ ನೊಂದು. “ನಾಲ್ಕು ದಿನದಿಂದ ಬಂಗಡೆ ತಿಂದಿಲ್ಲ ನಾನು.”

ಆಗ ಜನರನ್ನು ಸರಿಸಿಕೊಂಡು ಸುಮಿಯೆಮ್ ಬಂದರು. ಅವರ ಹಿಂದೆ, ಬೆನ್ನಿಗೆ ಚೀಲ ಹಾಕಿಕೊಂಡು, ಕೂದಲು ಕತ್ತರಿಸಿಕೊಂಡು, ಮೊದಲಿಗಿಂತ ತೆಳ್ಳಗಾದ ಲಿಂತಾಂಗ್. ಗದ್ದಲ ಅಡಗಿತು. ಕಸ್ಮುರಿ ಕೂಡ ತಮ್ಮ ಹೊಟ್ಟೆಯ ವಿಷಯವನ್ನು ಬದಿಗಿಟ್ಟರು.

“ಹೇಳಿ ಅಪ್ಪಾ,” ಎಂದಳು ಅವಳು. “ನಾಲ್ಕನೇದು.”

ತರ್ಜೊನೊ ಮೂರು ವರ್ಷದಿಂದ ಈ ಮುಖವನ್ನು ನೋಡಿರಲಿಲ್ಲ. ಒಂದು ಒಳ್ಳೆಯ ಸುಳ್ಳು ನಾಲಗೆಯ ತುದಿಗೇ ಬಂದಿತ್ತು. ಅವರು ಅದನ್ನು ನುಂಗಿದರು.

“ಆವತ್ತು ಕೇಳಿರ್ಲಿಲ್ಲ ಮಗಾ. ಪ್ಲಾಸ್ಟಿಕ್ಕೂ ಬಿಚ್ಚಿರ್ಲಿಲ್ಲ. ಸುಳ್ಳು ಹೇಳ್ದೆ.”

“ಗೊತ್ತು.”

“ಗೊತ್ತಾ?”

“ಅದರಲ್ಲಿ ನೀವು ಕಸ್ಮುರಿ ಮಾಮನ್ನ ಬೈಯೋದು ಬಿಟ್ರೆ ಸಾಹಿತ್ಯವೇ ಇಲ್ವಲ್ಲ.”

“ಗೊತ್ತಿದ್ದೂ ಬಂದ್ಯಾ?”

“ಬಯ್ಯೋಣ ಅಂತ ಬಂದೆ.” ಅವಳು ಬೆನ್ನಿನ ಚೀಲ ಇಳಿಸಿದಳು. “ಬಕೆಟ್ ಬಡಿದ ಹಾಗಿದೆ ಅಂದ್ರಿ. ಅಲ್ಲಿಗೆ ಹೋದ ಮೇಲೆ ನಿದ್ದೆ ಬರದೇ ಇದ್ದಾಗ ಗೊತ್ತಾಯ್ತು, ನನಗೆ ಗೊತ್ತಿರೋ ತಾಳ ಅದೊಂದೇ ಅಂತ. ಈಗ ಕೇಳಿದೀರಲ್ಲ. ಈಗ ನಿಜ ಹೇಳಿ. ಹೇಗಿದೆ?”

ಕೇರಿಯಲ್ಲಿ ಕೋಳಿಯೂ ಉಸಿರಾಡಲಿಲ್ಲ. ಸುಮಿಯೆಮ್ ಕಣ್ಣು ಮುಚ್ಚಿಕೊಂಡರು. ಗಂಡ ಬಾಯಿ ತೆರೆದು ಕೆಡಿಸುವುದು ಇಂಥ ಹೊತ್ತಿನಲ್ಲೇ ಎಂದು ಅವರಿಗೆ ಗೊತ್ತಿತ್ತು.

“ಸರಿಯಾಗಿಲ್ಲ,” ಎಂದರು ತರ್ಜೊನೊ.

ಜನರ ಮಧ್ಯದಿಂದ ಒಂದು ನಿಟ್ಟುಸಿರು ಬಂತು.

“ಅರ್ಧಕ್ಕೇ ಕತ್ತರಿಸಿಬಿಟ್ಟಿದೀಯಲ್ಲೇ! ನಲವತ್ತಕ್ಕೆ ನಾನು ಯಾವತ್ತು ನಿಲ್ಸಿದೀನಿ? ಇನ್ನೂರು ಬಕೆಟ್ ಆಗೋದು ಕೆಲವು ರಾತ್ರಿ. ಆಮೇಲೆ ಕೊನೇ ಮಾತು ಎಲ್ಲಿ? ಅದೇ ಇಲ್ಲ ಅಂದ್ಮೇಲೆ ಅದೇನು ಹಾಡು?”

“ಯಾವ ಕೊನೇ ಮಾತು?” ಲಿಂತಾಂಗ್ ಗಲಿಬಿಲಿಗೊಂಡಳು. “ಮನೆ ಬಿಡೋಕೆ ಮುಂಚೆ ಒಂದು ರಾತ್ರಿ ದಿಂಬಿನ ಪಕ್ಕ ಫೋನಿಟ್ಟು ರೆಕಾರ್ಡ್ ಮಾಡಿದ್ದೆ. ಜಾಗ ತುಂಬಿ ನಲವತ್ತಕ್ಕೇ ನಿಂತುಹೋಯ್ತು.”

“ನೀರೆಲ್ಲ ಖಾಲಿ ಆದ್ಮೇಲೆ ನಿನ್ನ ಕೋಣೆ ಬಾಗ್ಲಿಗೆ ಬಂದು ಹೇಳ್ತಿದ್ನಲ್ಲ. ಪ್ರತಿ ಸಲ ಹೇಳ್ತಿದ್ದೆ. ನೀನು ಇಷ್ಟು ಚಿಕ್ಕವಳಿದ್ದಾಗಿಂದ.”

“ನನಗೆ ಗೊತ್ತೇ ಇಲ್ಲ. ಯಾವತ್ತೂ ಕೇಳಿಲ್ಲ.”

“ನೀನು ನಿದ್ದೆ ಹೋಗಿರ್ತಿದ್ದೆ.”

“ಏನು ಹೇಳ್ತಿದ್ರಿ, ಅಪ್ಪಾ?”

ಇಡೀ ಕೇರಿ ನೋಡುತ್ತಿತ್ತು. ಇಂಥದ್ದನ್ನು ಹಗಲು ಹೊತ್ತಿನಲ್ಲಿ, ಎಚ್ಚರವಾಗಿರುವ ಮಗಳಿಗೆ, ಕೋಳಿ ಹಿಡಿದವರ ಎದುರಿಗೆ ಹೇಳುವುದು ಹೇಗೆ? ತರ್ಜೊನೊ ಅವರಿಗೆ ನಾಚಿಕೆಯಾಗಿ ಮುಖ ಆಚೆ ತಿರುಗಿಸಿದರು. ಆಚೆ ಇದ್ದದ್ದು ಮೈಕು. ಅದು ಇನ್ನೂ ಎಚ್ಚರವಾಗಿತ್ತು. ಅದಕ್ಕೆ ಬಾಯಿ ತಗಲುವಷ್ಟು ಹತ್ತಿರ ನಿಂತು, ಗೋಡೆಗೆ ಹೇಳುವವರಂತೆ, ಮೆಲ್ಲಗೆ ಅಂದರು:

“ನೀರು ಇಳೀತು, ಮಗಾ. ಇನ್ನೇನೂ ಭಯ ಇಲ್ಲ. ಮಲ್ಕೋ.”

ಮಾಡಿನ ಮೇಲಿನ ನಾಲ್ಕು ಲೌಡ್‌ಸ್ಪೀಕರುಗಳು ಅದನ್ನು ನಾಲ್ಕು ದಿಕ್ಕಿಗೂ ಹೇಳಿದವು.

ತಂಬಾಕ್ ವಾರುವಿನ ಜನ ಶಿಸ್ತಿನವರು. ಟೀವಿಗಳು ತಲೆಯಿಂದ ಇಳಿದವು. ಅಕ್ಕಿ ಅಟ್ಟದಿಂದ ಇಳಿಯಿತು. ಇಪ್ಪತ್ತು ವರ್ಷದ ಮಗಳು ಕೊನೆಗೂ ನೆಲ ಕಂಡಳು. ಊಟದ ಮೇಜಿನ ಮೇಲಿದ್ದ ರುಕಿನೆಮ್ ಅಜ್ಜಿಯನ್ನು ಇಳಿಸಲು ಹೋದರೆ, ಮಲಗು ಎಂದ ಮೇಲೆ ಎಬ್ಬಿಸುವುದು ಕಾನೂನಲ್ಲ ಎಂದು ಅವರು ಅಲ್ಲೇ ಗೊರಕೆ ಹೊಡೆದರು. ಪಾಕ್ ಕಸ್ಮುರಿ ಫ್ರಿಜ್ಜನ್ನು ಕೆಳಗಿಳಿಸಿ, ತಮ್ಮ ಮನೆಯ ನೆಲವನ್ನೂ ಪಕ್ಕದ ತರ್ಜೊನೊ ಮನೆಯ ನೆಲವನ್ನೂ ಸ್ವಲ್ಪ ಹೊತ್ತು ನೋಡಿ, “ನಾಳೆ ಒಂದು ಚರಂಡಿ ತೋಡಿಸ್ಬೇಕು,” ಎಂದು ಯಾರಿಗೂ ಅಲ್ಲದಂತೆ ಹೇಳಿ ಒಳಗೆ ಹೋದರು. ಮಧ್ಯಾಹ್ನ ಒಂದು ಗಂಟೆಯ ಸುಡು ಬಿಸಿಲಿನಲ್ಲಿ ಇಡೀ ಕೇರಿ ಆದೇಶದಂತೆ ಮಲಗಿತು. ಹಳದಿ ಅನ್ನ, ಕೋಳಿ ಸಂಜೆಗೆ ಮುಂದೂಡಲ್ಪಟ್ಟವು.

ಸುಮಿಯೆಮ್ ಕಣ್ಣೊರೆಸಿಕೊಂಡು ಮನೆಯಲ್ಲಿ ಚಾಪೆ ಹಾಸಿದರು. ಬೆಕ್ಕು ತನ್ನ ಜಾಗ ಬಿಟ್ಟುಕೊಟ್ಟಿತು. ಲಿಂತಾಂಗ್ ಚೀಲವನ್ನು ತಲೆದಿಂಬು ಮಾಡಿಕೊಂಡು, ಅಪ್ಪ ಬಾಗಿಲಲ್ಲಿ ನಿಂತಿರುವುದನ್ನು ಮತ್ತೊಮ್ಮೆ ನೋಡಿ, ಈ ಸಲ ಕೇಳಿಸಿಕೊಂಡು ಮಲಗಿದಳು.